ಏಳು ಹೆಂಗಸರು ನೀರಿಗಿಳಿದ ಮಂಗಳವಾರ

ಇಪ್ಪತ್ತೆರಡು ವರ್ಷ ರಶೀದಾ ಪರದೇಶದವರನ್ನು ಒಯ್ಯುವ ಡೈವಿಂಗ್ ದೋಣಿಗೆ ಬುತ್ತಿ ಕಟ್ಟಿಕೊಟ್ಟಳು. ಬೆಳಿಗ್ಗೆ ರೋಶಿ ರೊಟ್ಟಿ ಸುಟ್ಟು, ಟ್ಯೂನಾ ಮೀನನ್ನು ತೆಂಗಿನತುರಿ ಈರುಳ್ಳಿಯ ಜೊತೆ ಕಿವುಚಿ ಡಬ್ಬಿಗೆ ತುಂಬುವಳು. ಮಧ್ಯಾಹ್ನ ಡಬ್ಬಿ ತೊಳೆಯುತ್ತ ಅವರ ಮಾತಿಗೆ ಕಿವಿಗೊಡುವಳು. ಆಮೆ ನಿದ್ದೆ ಮಾಡುತ್ತಿತ್ತಂತೆ, ಬಂಡೆಯ ತುಂಬ ನೇರಳೆ ಹವಳ ಅರಳಿತ್ತಂತೆ. ದೊನ್‌ಫುಶಿ ದ್ವೀಪ ನಿಂತಿದ್ದೇ ಹವಳದ ಮೇಲೆ. ಆದರೂ ತಂಗಿಯ ಮಗಳು ನಶ್ವಾ ಡೈವಿಂಗ್ ಕಲಿತು ಶಿಕ್ಷಕಿಯಾಗಿ ಬರುವ ತನಕ ಊರಿನ ಒಬ್ಬ ಹೆಂಗಸೂ ಆ ಆಳವನ್ನು ಕಂಡಿರಲಿಲ್ಲ.

"ನಮ್ಮನ್ನೂ ಕರ್ಕೊಂಡು ಹೋಗೇ," ಎಂದಳು ರಶೀದಾ.

ಡೈವಿಂಗ್ ದೋಣಿ ನಡೆಸುವ ಗಂಡ ಜಲೀಲ್ ನಕ್ಕುಬಿಟ್ಟ. "ಐವತ್ತು ದಾಟಿದ ಮೇಲೆ ಮೀನಿನ ಜೊತೆ ನೆಂಟಸ್ತಿಕೆನಾ?"

"ಮೀನು ದಿನಾ ನಮ್ಮನೆಗೆ ಬರುತ್ತೆ. ಒಂದ್ಸಲನಾದ್ರೂ ನಾವು ಅವುಗಳ ಮನೆಗೆ ಹೋಗಬೇಡ್ವಾ?"

ಏಳು ಮಂದಿ ಸೇರಿದರು. ಕಿವಿ, ಎದೆ ಎಲ್ಲ ನೋಡಿಸಿ ಡಾಕ್ಟರ ಚೀಟಿ ತರದವರನ್ನು ರಶೀದಾ ಹತ್ತಿರ ಸೇರಿಸಲಿಲ್ಲ. ಸಂಜೆ ಸಂಜೆ ಎದೆಮಟ್ಟದ ನೀರಿನಲ್ಲಿ ನಶ್ವಾ ಪಾಠ ಹೇಳಿದಳು. ಉಸಿರು ಹಿಡಿಯಬೇಡಿ, ಮೂಗು ಒತ್ತಿ ಕಿವಿ ಬಿಡಿಸಿಕೊಳ್ಳಿ, ಏಳುವಾಗ ಅವಸರ ಬೇಡ. ದರ್ಜಿ ಝುಲೈಖಾ ಎಲ್ಲರಿಗೂ ನೀರಲ್ಲಿ ಜಾರದಂಥ ಬಿಗಿಯಾದ ತಲೆವಸ್ತ್ರ ಹೊಲಿದುಕೊಟ್ಟಳು. ಆದರೆ ಅವಳ ಮೈ ಮಾತ್ರ ಬೆಂಡಿನಂತೆ ಮೇಲಕ್ಕೇ ಬರುತ್ತಿತ್ತು.

"ನನ್ನನ್ನ ದೇವರು ತೇಲೋಕೇ ಮಾಡಿದ್ದು ಕಣೇ, ಬಿಟ್ಬಿಡು," ಎಂದು ನಶ್ವಾಗೆ ಹೇಳಿದಳು ಝುಲೈಖಾ.

"ಸೊಂಟಕ್ಕೆ ಸೀಸ ಕಟ್ಟಿದ್ರೆ ನಿಮ್ಮಪ್ಪನೂ ಮುಳುಗ್ತಾನೆ, ಸುಮ್ನೆ ಬಾ," ಎಂದಳು ರಶೀದಾ.

ಮೂರು ತಿಂಗಳು ಕಳೆದ ಮೇಲೆ ದಿನ ಗೊತ್ತುಮಾಡುವ ಮಾತು ಬಂತು. ಹಿಯವಿಹ ನಕ್ಷತ್ರದ ಎರಡು ವಾರದಲ್ಲೇ ಆಗಬೇಕು, ಗಾಳಿ ಸತ್ತು ನೀರು ತಿಳಿಯಾಗುವುದು ಆಗಲೇ. ಇಷ್ಟಕ್ಕೆ ಎಲ್ಲರೂ ಒಪ್ಪಿದರು. ನಶ್ವಾ ಶುಕ್ರವಾರ ಎಂದಳು, ಎಲ್ಲರಿಗೂ ರಜೆ. ಜಾಗ, ಸಮುದ್ರದ ನೀರು ಒಳನುಗ್ಗುವ ಕಾಲುವೆ ಬಾಯಿಯ ಬೊಡು ತಿಲ ಎಂಬ ಮುಳುಗುಬಂಡೆ.

"ಶುಕ್ರವಾರ ಅಂದ್ರೆ ಹುಣ್ಣಿಮೆ ಕಳೆದು ಮೂರೇ ದಿನ. ಅವತ್ತು ಅಲ್ಲಿ ನೀರು ನಿಲ್ಲಲ್ಲ, ಓಡುತ್ತೆ," ಎಂದಳು ರಶೀದಾ. ಅವಳ ಅಪ್ಪ ಅದೇ ಬಂಡೆಯ ಬಳಿ ಗಾಳಕ್ಕೆ ಬೇಕಾದ ಮರಿಮೀನು ಹಿಡಿಯುತ್ತಿದ್ದವನು. ಚಿಕ್ಕವಳಿದ್ದಾಗ ಅವನ ದೋಣಿಯಲ್ಲಿ ನೀರು ತೋಡಿ ಹಾಕುತ್ತ ಕಲಿತ ಪಾಠವಿದು. "ಚಂದ್ರ ಅರ್ಧ ಆಗಲಿ, ಸೆಳೆತ ಇಳಿಯುತ್ತೆ. ಮಂಗಳವಾರ, ಬೆಳಿಗ್ಗೆ ಒಂಬತ್ತೂವರೆಗೆ."

"ಅಕ್ಕಾ, ಮಂಗಳವಾರ ನಂಗೆ ಮದುವೆ ಬಟ್ಟೆ ಕೊಡೋದಿದೆ!" ಝುಲೈಖಾ ರಾಗ ಎಳೆದಳು.

"ಸೋಮವಾರಾನೇ ಹೊಲಿದು ಮುಗ್ಸು."

"ನೀರಿನ ಸೆಳೆತದ ಪಟ್ಟಿ ನನ್ನ ಫೋನಲ್ಲೇ ಇದೆ," ಎಂದ ಜಲೀಲ್. "ಶುಕ್ರವಾರಕ್ಕೆ ಏನೂ ತೊಂದ್ರೆ ಇಲ್ಲ."

ರಶೀದಾ ಮಂಗಳವಾರ ಬಿಟ್ಟು ಜಗ್ಗಲಿಲ್ಲ.

ಆ ಶುಕ್ರವಾರ ಅತಿಥಿಗಳನ್ನು ಕರೆದುಕೊಂಡು ಬೊಡು ತಿಲಕ್ಕೆ ಹೋದ ಜಲೀಲ್ ಹೊತ್ತು ಮೀರಿ ಮನೆಗೆ ಬಂದ. ಅತಿಥಿಗಳು ನುರಿತವರಾದರೂ ಬಂಡೆ ಮುಟ್ಟುವ ಮೊದಲೇ ಕೊಚ್ಚಿಕೊಂಡು ಹೋಗಿ, ಒಂದು ಮೈಲಿಯಾಚೆ ಮೇಲೆದ್ದಿದ್ದರು. ಯಾರಿಗೂ ಏನೂ ಆಗಿರಲಿಲ್ಲ. ಅವನು ಊಟ ಮುಗಿಸಿ, ಕೈ ತೊಳೆದು, ಆಮೇಲೆ ಬಾಯಿ ಬಿಟ್ಟ.

"ಮಂಗಳವಾರ ಎಷ್ಟು ಗಂಟೆ ಅಂದೆ?"

ಮಂಗಳವಾರ ಒಂಬತ್ತೂವರೆಗೆ ಬೊಡು ತಿಲದ ಮೇಲೆ ನೀರು ಬಟ್ಟಲಿನ ಎಣ್ಣೆಯಂತೆ ಅಲುಗದೆ ನಿಂತಿತ್ತು. ಇಬ್ಬಿಬ್ಬರಾಗಿ, ನಶ್ವಾಳ ಜೊತೆ, ಹನ್ನೆರಡು ಮೀಟರು ಮಾತ್ರ. ದೋಣಿಯಲ್ಲಿ ನಿಂತು, ಪಟ್ಟಿ ಬರೆದ ಹಲಗೆ ಹಿಡಿದು, ಯಾರು ಯಾವಾಗ ಇಳಿಯಬೇಕು, ಸಿಲಿಂಡರಿನಲ್ಲಿ ಎಷ್ಟು ಗಾಳಿ ಉಳಿದಾಗ ಮರಳಬೇಕು ಎಂದು ರಶೀದಾಳೇ ಹೇಳಿದಳು. ಕೊನೆಯವಳಾಗಿ ತಾನು ಇಳಿದಳು. ಕೆಳಗೆ ಬಂಡೆಯ ಅಂಚಿನಲ್ಲಿ ಹಳದಿ ಮೀನುಗಳ ದಂಡು ಸೀಳಿ ದಾರಿಬಿಟ್ಟು ಮತ್ತೆ ಕೂಡಿಕೊಂಡಿತು. ಆಮೆಯೊಂದು ಹವಳದ ಕೆಳಗಿನಿಂದ ಅವಳನ್ನೇ ದಿಟ್ಟಿಸಿತು. ಅಪ್ಪ ಮೇಲಿನಿಂದಲೇ ಅಷ್ಟೆಲ್ಲ ಬಲ್ಲವನು, ಇದೊಂದನ್ನೂ ಕಾಣದೆ ಹೋದನಲ್ಲ ಎಂದುಕೊಂಡಳು. ಮುಖಕ್ಕೆ ಕಟ್ಟಿದ ಗಾಜಿನೊಳಗೆ ಕಣ್ಣು ಒರೆಸಿಕೊಳ್ಳಲು ಬರುವುದಿಲ್ಲ.

ಮೇಲೆದ್ದಾಗ ಜಲೀಲ್ ಕೈ ಚಾಚಿದ್ದ. ಅವಳು ಅದನ್ನು ಹಿಡಿಯದೆ, ಸಿಲಿಂಡರ್ ಹೊತ್ತೇ ಏಣಿ ಹತ್ತಿದಳು. ಅವನು ಚಾಚಿದ ಕೈಯಿಂದಲೇ ವೈರ್‌ಲೆಸ್ ಎತ್ತಿಕೊಂಡು, ಸುತ್ತಲ ದೋಣಿಗಳಿಗೆಲ್ಲ ಕೇಳುವಂತೆ ಕೂಗಿದ: "ಇವತ್ತು ನನ್ ದೋಣೀಲಿರೋರು ಪರದೇಶದವರಲ್ಲ ಕಣ್ರೋ! ನಮ್ಮೂರ ಹೆಂಗಸ್ರು, ಏಳೂ ಜನ! ದಿನ, ಗಂಟೆ ಎಲ್ಲಾ ಗೊತ್ತುಮಾಡಿದ್ದು ನನ್ ಹೆಂಡ್ತಿ. ಯಾರಿಗಾದ್ರೂ ಬೊಡು ತಿಲಕ್ಕೆ ಹೋಗೋದಿದ್ರೆ ಮೊದಲು ಅವಳನ್ನ ಕೇಳಿ!"

"ಸಾಕು, ಇಡಿ ಅದನ್ನ," ಎಂದಳು ರಶೀದಾ. ಆದರೆ ಅವನು ಇನ್ನೊಮ್ಮೆ ಕೂಗುವಾಗ ತಡೆಯಲಿಲ್ಲ.