ಹಲಗೆಯ ಮೇಲಿನ ಕತ್ತರಿ

ಹಲಗೆಯ ಮೇಲೆ ಬರೆದಿದ್ದ ಕತ್ತರಿಯ ಒಂದು ಹಿಡಿ ಇನ್ನೊಂದಕ್ಕಿಂತ ಕಾಲು ಇಂಚು ದೊಡ್ಡದಾಗಿತ್ತು. ಅದು ನನ್ನ ತಪ್ಪಲ್ಲ, ಕತ್ತರಿಯೇ ಹಾಗಿತ್ತು.

ಕಡಕೊಳದಲ್ಲಿ ನನ್ನ ಸೋದರಮಾವ ರಟ್ಟಿನ ಪೆಟ್ಟಿಗೆ ಮಾಡಿಸುತ್ತಿದ್ದರು. ಪೆಟ್ಟಿಗೆಗಳೆಲ್ಲ ಹೋಗುತ್ತಿದ್ದುದು ಒಂದೇ ದೊಡ್ಡ ಕಾರ್ಖಾನೆಗೆ. ತೊಂಬತ್ತರ ದಶಕದ ಕೊನೆಯಲ್ಲಿ ಆ ಕಾರ್ಖಾನೆ, ತನ್ನಲ್ಲಿ ಕೆಲಸ ಚುರುಕಾದದ್ದು ಸಾಲದೆಂದು, ತನಗೆ ಮಾಲು ಕೊಡುವವರನ್ನೂ ಚುರುಕು ಮಾಡಲು ಒಬ್ಬ ಎಂಜಿನಿಯರನ್ನು ಕಳಿಸಿತು. ಹುಡುಕುವುದರಲ್ಲೇ ಹೊತ್ತು ಹೋಗುತ್ತದೆ, ಪ್ರತಿ ಸಾಮಾನಿಗೂ ಒಂದು ಜಾಗವಿರಲಿ, ಅಲ್ಲಿ ಅದರ ಆಕಾರ ಬರೆದಿರಲಿ ಎಂದು ಹೇಳಿ ಅವರು ಹೋದರು. ಶುಕ್ರವಾರ ಮತ್ತೆ ಬಂದು ನೋಡುತ್ತಾರೆ. ಹಿಡಿಸದಿದ್ದರೆ ಆರ್ಡರ್ ಬೇರೆಯವರಿಗೆ.

ನಾನು ಆಗಷ್ಟೇ ಅರ್ಥಶಾಸ್ತ್ರದಲ್ಲಿ ಎಂ.ಎ. ಮುಗಿಸಿದ್ದೆ. ಕೈಬರಹ ಚೆನ್ನಾಗಿದೆಯೆಂದು ಮಾವ ನನಗೆ ಹಳದಿ ಪೇಂಟು ಕೊಟ್ಟರು. ಕತ್ತರಿ, ಚಾಕು, ಅಳತೆಪಟ್ಟಿ, ಅಂಟಿನ ಡಬ್ಬಿ, ಕೊನೆಗೆ ಮಾವನ ಊಟದ ಕ್ಯಾರಿಯರ್, ಎಲ್ಲವನ್ನೂ ಹಲಗೆಯ ಮೇಲಿಟ್ಟು ಸುತ್ತ ಗೆರೆ ಎಳೆದೆ.

ಅಂಟು ಹಚ್ಚುತ್ತಿದ್ದ ಹಿರಿಯ ಹೆಂಗಸು ಕಾಲು ಚಾಚಿ ಕೂತು, "ನನ್ ಸುತ್ತಾನೂ ಒಂದ್ ಗೆರೆ ಎಳ್ದ್ಬುಡು ಕಣಮ್ಮ, ಕಳ್ದೋಗಲ್ಲ" ಎಂದರು.

ಶುಕ್ರವಾರ ಎಂಜಿನಿಯರ್ ಹಲಗೆ ನೋಡಿ ಹಿಗ್ಗಿದರು. "ಇವತ್ತು ಎಷ್ಟು ಪೆಟ್ಟಿಗೆ ಆಯ್ತು?"

"ಒಂದೂ ಇಲ್ಲ ಸಾರ್," ಎಂದರು ಮಾವ, ಹೆಮ್ಮೆಯಿಂದ. "ಸಾಮಾನು ತೆಗೆದ್ರೆ ಜಾಗ ಖಾಲಿ ಕಾಣ್ಸುತ್ತಲ್ಲ!"

"ಮೂರು ದಿನದಿಂದ ಕತ್ತರಿ ಮುಟ್ಟಕ್ಕೂ ಬುಟ್ಟಿಲ್ಲ ಕಣ್ರೀ," ಎಂದರು ಆ ಹೆಂಗಸು. "ಹೂ ಮುಡ್ಸಿ ಮಂಗಳಾರತಿ ಎತ್ತೋದೊಂದು ಬಾಕಿ. ಕತ್ತರಿ ಯಾವತ್ ಕಳ್ದಿತ್ತು ಸ್ವಾಮಿ? ರಟ್ಟಿನ ಹಾಳೆ ನಾಕ್ ಬೆರಳು ಅಗಲ ಜಾಸ್ತಿ ಬರುತ್ತೆ. ಕೆಲ್ಸ ನಡೆಯೋವಾಗ ಅಂಚು ಕೊಯ್ಯೋದ್ರಲ್ಲೇ ಅರ್ಧ ದಿನ ಹೋಗುತ್ತೆ."

ಎಂಜಿನಿಯರ್ ಪುಸ್ತಕ ಮಡಚಿದರು. ರಟ್ಟು ಬರುತ್ತಿದ್ದುದು ದೇವರಾಜ ಮೊಹಲ್ಲಾದ ಒಬ್ಬ ವರ್ತಕರಿಂದ. "ನಾವು ನಿಮಗೆ ಹೇಳಿದ ಹಾಗೆ ನೀವು ಅವರಿಗೆ ಹೇಳಿ. ಹದಿನೈದು ದಿನ ಟೈಮು. ಅಳತೆಗೆ ಸರಿಯಾಗಿ ಹಾಳೆ ಬಂದ್ರೆ ಆರ್ಡರ್ ನಿಮ್ಮದೇ."

ಮಾವನ ಮುಖ ಸಪ್ಪಗಾಯಿತು. ಆ ವರ್ತಕರು ಎದುರಾದರೆ ಸ್ಕೂಟರಿನಿಂದ ಇಳಿದು ನಮಸ್ಕಾರ ಮಾಡುವವರು ಮಾವ. "ಅವ್ರಿಗೆ ನಾನ್ ಹೆಂಗಮ್ಮ ಬುದ್ಧಿ ಹೇಳ್ಲಿ? ನೀನು ಓದ್ದೋಳು. ನೀನೇ ಹೋಗ್ಬುಟ್ಟು ಬಾ."

ಮರುದಿನ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೆ ಹೋಗಿ ನಿಂತೆ. ವರ್ತಕರು ಕೂರಲು ಹೇಳಿದರು, ಕೂರಲಿಲ್ಲ. ಹಾಳೆಯ ಉದ್ದ, ಅಗಲ ಹೇಳಿದೆ. "ಏನಮ್ಮ?" ಎಂದರು. ಪಕ್ಕದ ಅಂಗಡಿಯವರು ತಿರುಗಿ ನೋಡುವಷ್ಟು ಗಟ್ಟಿಯಾಗಿ ಇನ್ನೊಮ್ಮೆ ಹೇಳಿದೆ.