ವೀರಣ್ಣ ಕಾಕಾ ಬಿಟ್ಟ ಕೊಸರು

ಗೆಳೆಯರೇ, ಇವತ್ತಿನ ಗಾಲ್ಫ್ ಟೂರ್ನಮೆಂಟಿನ ಕಪ್ ಪಾರ್ವತಿನಗರದ ನಮ್ಮ ಮನಿಗೆ ಬಂದೈತಿ. ಗೆಲ್ಲಿಸಿದ್ದು ಬ್ರೂಸ್‌ಪೇಟಿ ಬ್ಯಾಳಿ ವ್ಯಾಪಾರಿ ವೀರಣ್ಣ ಕಾಕಾ, ಅದೂ ತಮಗ ಗೊತ್ತಿಲ್ಲದನ.

ಗಾಲ್ಫಿನಾಗ ಕಡಿಮಿ ಹೊಡೆತದಾಗ ಮುಗಿಸಿದೋರು ಗೆಲ್ತಾರ. ನಮ್ಮ ಹೊಡೆತ ಎಷ್ಟು ಅಂತ ಜೊತೆಗೆ ಆಡೋರು ಕಾರ್ಡಿನಾಗ ಬರೀತಾರ, ನಾವು ನೋಡಿ ಸಹಿ ಹಾಕಬೇಕು. ನನ್ನ ಕಾರ್ಡು ಬರದಿದ್ದು ಕಾಕಾ. ನೋಡ್ತೀನಿ, ಆರು ಹೊಡೆದ ಕಡೆ ಐದು ಐತಿ.

"ಕಾಕಾ, ಇದು ಆರು."

"ಇರಲಿ ಬಿಡವ್ವ. ಹಳೇ ಗಿರಾಕಿ, ಕೊಸರು ಅಂತ ಒಂದು ಬಿಟ್ಟೀನಿ."

"ಕಡಿಮಿ ಬರದಿದ್ದಕ್ಕ ಸಹಿ ಹಾಕಿದ್ರ ಆಟದಿಂದನ ತಗದು ಹಾಕ್ತಾರ. ತಿದ್ರಿ."

ನಮ್ಮ ಜೊತೆಗೇ ಆಡಿದ ಸಿರುಗುಪ್ಪದ ರೈಸ್‌ಮಿಲ್ ಸಾಹುಕಾರ್ರು ನನಗಿಂತ ಮುಂದಿದ್ರು. ಅವರ ಕಾರ್ಡೂ ಕಾಕಾನೇ ಬರದಿದ್ರು. ಅವರು ಓದದನ ಸಹಿ ಮಾಡಿ ರೆಫ್ರಿಗೆ ಕೊಟ್ಟು, "ಅಕ್ಕಾರದು ಬಾಳ ಲೆಕ್ಕ" ಅಂತ ನಕ್ಕರು.

ಕಾಕಾ ನನ್ನ ಕಾರ್ಡು ತಿದ್ದಿದ್ರು, ಆದ್ರ ಮುಖ ಗಂಟು ಹಾಕ್ಕೊಂಡ್ರು. ರೆಫ್ರಿ ಮುಂದನ ಅಂದ್ರು: "ಸಾಹುಕಾರ್ರಿಗೂ ಒಂದು ಬಿಟ್ಟೀನ್ರಿ. ಅವರು ಸುಮ್ನ ತಗೊಂಡ್ರು. ಈಕಿದೇ ತಕರಾರು."

ರೆಫ್ರಿ ಸಾಹುಕಾರ್ರ ಕಾರ್ಡು ವಾಪಸ್ ತಗದು ನೋಡಿದ್ರು. ಸಾಹುಕಾರ್ರು ಡಿಸ್‌ಕ್ವಾಲಿಫೈ, ನಾನು ಫಸ್ಟ್.

ನಾಳೆ ಕಾಕಾನ ಅಂಗಡಿಗೆ ತೊಗರಿಬ್ಯಾಳಿ ತರಾಕ ಹೊಂಟೀನಿ. ಅಲ್ಲಿ ಮಾತ್ರ ನಾನು ಕೊಸರು ತಗೊಳ್ಳದ ಬಿಡಾಂಗಿಲ್ಲ.