ನನಗಿಂತ ಮೊದಲೇ ಬಂದು ಹೋದವಳು

ಇಂಥ ಕತೆ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುತ್ತಿರಲಿಲ್ಲ. ಹುಣಸೆಮರದ ಕೆಳಗೆ ಅದು ಕಂಡೆ, ಇದು ಕಂಡೆ ಅಂತ ಯಾರಾದರೂ ಶುರುಮಾಡಿದರೆ, "ಹೊತ್ತಿಗೆ ಸರಿಯಾಗಿ ಮಲಗು, ಎಲ್ಲ ಸರಿಹೋಗುತ್ತೆ" ಅಂದುಬಿಡುತ್ತಿದ್ದೆ. ಗುಬ್ಬಿಯ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು ನಾನು. ಈಗ ನಾನೇ ಹೇಳಹೊರಟಿದ್ದೇನೆ, ನೀವೂ ನನಗೆ ಅದೇ ಬುದ್ಧಿ ಹೇಳಬಹುದು. ಹೇಳಿ, ಬೇಜಾರಿಲ್ಲ.

ಕೆಲವು ವರ್ಷದ ಹಿಂದಿನ ಮಾತು. ನಾನು ಓದಿದ ತುಮಕೂರಿನ ಕಾಲೇಜಿನಲ್ಲಿ ನಮ್ಮ ಬಾಟನಿ ಮೇಷ್ಟ್ರು ರಿಟೈರ್ ಆಗುತ್ತಿದ್ದರು. ಹಳೇ ವಿದ್ಯಾರ್ಥಿಗಳೆಲ್ಲ ಸೇರಿ ಬೀಳ್ಕೊಡುಗೆ ಇಟ್ಟುಕೊಂಡಿದ್ದೆವು. ಅವರ ಹತ್ತಿರ ಹಾರ, ಶಾಲು ಅಂತ ಹೋದರೆ ಬೈಸಿಕೊಂಡು ಬರಬೇಕು. ಯಾರೇ ಬರಲಿ, ತಮ್ಮ ಊರಿನ ಒಂದು ಗಿಡ ತಂದು ಡಿಪಾರ್ಟ್‌ಮೆಂಟಿನ ಅಂಗಳದಲ್ಲಿ ಕೈಯಾರೆ ನೆಡಬೇಕು, ಅದೇ ಅವರಿಗೆ ಮರ್ಯಾದೆ. ನಾನು ಹಿಂದಿನ ದಿನವೇ ತವರು ಕಡಬಕ್ಕೆ ಹೋಗಿ, ಕೆರೆಯಿಂದ ಗೆಡ್ಡೆ ಸಮೇತ ಒಂದು ಬಿಳಿ ನೈದಿಲೆ ಕೀಳಿಸಿ, ಖಾಲಿ ಪೇಂಟ್ ಡಬ್ಬಿಯಲ್ಲಿ ನೀರು ಹಾಕಿ ಇಟ್ಟುಕೊಂಡಿದ್ದೆ.

ಗಿಡ ಒಂದು ನೆಪ. ನನಗೆ ಅವರ ಹತ್ತಿರ ಒಂದು ಮಾತು ಹೇಳುವುದಿತ್ತು. ಸೆಕೆಂಡ್ ಇಯರ್‌ನಲ್ಲಿದ್ದಾಗ ಅಪ್ಪ ಓದು ಬಿಡಿಸಿ ನನಗೆ ಮದುವೆ ಗೊತ್ತುಮಾಡಿದ್ದರು. ಮೇಷ್ಟ್ರು ಮೊಪೆಡ್ಡಿನಲ್ಲಿ ಕಡಬದ ತನಕ ಬಂದು ನಮ್ಮ ಜಗಲಿ ಮೇಲೆ ಕೂತರು. "ಮಗಳನ್ನ ಕಾಲೇಜಿಗೆ ಕಳಿಸ್ತೀನಿ ಅನ್ನೋ ತನಕ ನಿಮ್ಮನೇಲಿ ತೊಟ್ಟು ನೀರೂ ಮುಟ್ಟಲ್ಲ ಯಜಮಾನ್ರೇ" ಅಂದರು. ಮನೆ ಬಾಗಿಲಿಗೆ ಬಂದವರು ನೀರು ಮುಟ್ಟದೆ ಕೂತರೆ ಅಪ್ಪನಂಥವರು ಎಷ್ಟು ಹೊತ್ತು ತಡೆದಾರು? ಸಂಜೆ ಹೊತ್ತಿಗೆ ಒಪ್ಪಿಕೊಂಡರು. ಆಗ ನಾನು ಮನೆಯಲ್ಲಿರಲಿಲ್ಲ. ಕೆರೆ ಏರಿ ಮೇಲೆ ನೀರು ನೋಡುತ್ತಾ ನಿಂತಿದ್ದೆ. ತಂಗಿ ಓಡಿಬಂದು, "ಅಕ್ಕಾ, ಅಪ್ಪ ಹೂಂ ಅಂದ್ರು ಕಣೇ" ಅಂತ ಕೂಗಿದ ಮೇಲೆ ತಿರುಗಿದೆ. ಏರಿ ಮೇಲೆ ಯಾಕೆ ನಿಂತಿದ್ದೆ ಅನ್ನುವುದನ್ನು ಯಾರಿಗೂ ಹೇಳಿಲ್ಲ, ಗಂಡನಿಗೂ ಹೇಳಿಲ್ಲ. ನಾನು ಬದುಕಿರುವುದು ನಿಮ್ಮಿಂದ ಅಂತ ಮೇಷ್ಟ್ರಿಗೆ ಒಂದು ಸಲ ಬಾಯಿಬಿಟ್ಟು ಹೇಳಬೇಕಿತ್ತು.

ಅವತ್ತೇ ಬಸ್ಸು ಕೆಟ್ಟು ನಿಲ್ಲಬೇಕೆ! ಗುಬ್ಬಿ ದಾಟಿ ಸ್ವಲ್ಪ ದೂರಕ್ಕೇ ಹೊಗೆ ಬಂತು. ಹಿಂದೆ ಬಂದ ಬಸ್ಸುಗಳೆಲ್ಲ ಫುಲ್, ಅದರ ಮೇಲೆ ಡಬ್ಬಿ ಕಂಡ ಕಂಡಕ್ಟರುಗಳು ನಿಲ್ಲಿಸಲೇ ಇಲ್ಲ. ಫೋನ್ ಮಾಡಿದರೆ ಕಾರ್ಯಕ್ರಮದ ಗಲಾಟೆಯಲ್ಲಿ ಒಬ್ಬರೂ ಎತ್ತಲಿಲ್ಲ. ಬಿಸಿಲಲ್ಲಿ ನಿಂತು ಬಸ್ಸಿಗೂ ಡ್ರೈವರಿಗೂ ನನ್ನ ಹಣೆಬರಹಕ್ಕೂ ಶಾಪ ಹಾಕಿದೆ.

ಕಾಲೇಜು ಸೇರಿದಾಗ ಮಧ್ಯಾಹ್ನ ಕಳೆದಿತ್ತು. ಗೇಟಿನಲ್ಲಿ ವಾಚ್‌ಮನ್, "ಮತ್ತೆ ಬಂದ್ರಾ ಮೇಡಮ್" ಅಂತ ನಕ್ಕ. ಯಾರನ್ನೋ ನೋಡಿ ನಾನು ಅಂದುಕೊಂಡಿದ್ದಾನೆ ಅಂತ ಒಳಗೆ ನಡೆದೆ. ಶಾಮಿಯಾನ ಬಿಚ್ಚುತ್ತಿದ್ದರು. ಕುಣಿಗಲ್‌ನ ಶಶಿ, ಮೂರು ವರ್ಷವೂ ಲ್ಯಾಬಿನಲ್ಲಿ ನನ್ನ ಪಕ್ಕ ನಿಂತವಳು, ಕುರ್ಚಿ ಎತ್ತಿಸುತ್ತಿದ್ದಳು.

"ಏನೇ, ಏನಾದ್ರೂ ಮರ್ತ್ ಹೋದ್ಯಾ?" ಅಂದಳು.

"ಮರೆಯೋದೇನು, ಈಗ ಬರ್ತಾ ಇದೀನಿ. ಮೇಷ್ಟ್ರು ಎಲ್ಲೇ?"

"ಮಗನ ಕಾರಲ್ಲಿ ಮೈಸೂರಿಗೆ ಹೊರಟ್ರಲ್ಲ, ನೀನೇ ಡೋರ್ ಹಾಕ್ದೆ. ತಮಾಷೆ ಸಾಕು ಬಿಡೇ, ನನಗೆ ಕೈತುಂಬಾ ಕೆಲಸ ಇದೆ."

ನನಗೆ ಮೈಯೆಲ್ಲ ಉರಿದುಹೋಯಿತು. ಬಸ್ಸು ಕೆಟ್ಟಿದ್ದು, ಬಿಸಿಲಲ್ಲಿ ನಿಂತಿದ್ದು ಎಲ್ಲ ಕೂಗಾಡಿ ಹೇಳಿದೆ. ಅವಳು ನನ್ನ ಹಣೆ ಮುಟ್ಟಿ ನೋಡಿದಳು. ಬೆಳಗ್ಗೆ ನಾನು ಅವಳ ಜೊತೆ ಉಪ್ಪಿಟ್ಟು ತಿಂದೆನಂತೆ, ಆಮೇಲೆ ಮೇಷ್ಟ್ರ ರೂಮಿನಲ್ಲಿ ಬಾಗಿಲು ಹಾಕಿಕೊಂಡು ಬಹಳ ಹೊತ್ತು ಮಾತಾಡಿದೆನಂತೆ. ಹೊರಗೆ ಬಂದಾಗ ಇಬ್ಬರ ಕಣ್ಣೂ ಕೆಂಪಗಿದ್ದವಂತೆ. ನಂಬದೆ ಅಂಗಳಕ್ಕೆ ಹೋದೆ. ಸಿಮೆಂಟ್ ತೊಟ್ಟಿಯಲ್ಲಿ ಆಗಲೇ ಒಂದು ಬಿಳಿ ನೈದಿಲೆ ಇತ್ತು, ಅಂಚಿನಲ್ಲಿ ಹಸಿ ಕೆಸರು. ನನ್ನದು ನನ್ನ ಕೈಯಲ್ಲೇ ಇತ್ತು.

ಫೋಟೋ ನೋಡಬಹುದಿತ್ತಲ್ಲ ಅಂತೀರಿ. ನೋಡಿದೆ. ಶಶಿಯ ಫೋನಿನಲ್ಲಿದ್ದ ಅಷ್ಟೂ ಫೋಟೋಗಳಲ್ಲಿ ಒಂದರಲ್ಲಿ ಮಾತ್ರ ಒಬ್ಬ ಹೆಂಗಸು ತೊಟ್ಟಿಗೆ ಬಗ್ಗಿದ್ದಾಳೆ, ಬೆನ್ನು ಈ ಕಡೆ. ಜಡೆ ನನ್ನಂಥದೇ. ಬೆನ್ನು ಯಾರದಾದರೂ ಆಗಬಹುದು. "ಇದು ನೀನಲ್ದೆ ಇನ್ಯಾರೇ?" ಅಂತ ಶಶಿ ಜಗಳಕ್ಕೇ ನಿಂತಳು.

ಸಂಜೆ ಮೇಷ್ಟ್ರೇ ಫೋನ್ ಮಾಡಿದರು. ನಾನು ಬಾಯಿ ತೆಗೆಯುವಷ್ಟರಲ್ಲಿ, "ಕೆರೆ ಏರಿ ವಿಷಯ ಹೇಳಿ ಒಳ್ಳೇದು ಮಾಡ್ದೆ ಕಣಮ್ಮ. ಇಷ್ಟು ವರ್ಷ ಪಾಠ ಮಾಡಿದ್ದು ಸಾರ್ಥಕ ಆಯ್ತು" ಅಂದರು. "ಸರ್, ನಾನು ಬಂದೇ ಇಲ್ಲ, ಅದನ್ನ ಈಗ ಹೇಳ್ಬೇಕು" ಅಂದೆ. ಅವರು ನಕ್ಕರು. "ಸಾಕು ತಾಯಿ, ಇನ್ನೊಂದ್ಸಲ ಕೇಳಿದ್ರೆ ನನಗೂ ಅಳು ತಡೆಯಕ್ಕಾಗಲ್ಲ" ಅಂದರು.

ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ, ತಲೆಬುಡ ತಿಳಿಯುವುದಿಲ್ಲ. ಹೆದರಿಕೆಗಿಂತ ನನಗೆ ಸಿಟ್ಟೇ ಹೆಚ್ಚು. ಅವಳು ಯಾರೇ ಆಗಿರಲಿ, ನನ್ನ ಮಾತು ಆಡುವುದಕ್ಕೆ ಅವಳಿಗೇನು ಹಕ್ಕು? ಒಮ್ಮೆ ಮೈಸೂರಿಗೇ ಹೋಗಿ, "ಅವತ್ತು ನಾನು ಹೇಗೆ ಹೇಳ್ದೆ ಸರ್?" ಅಂತ ಕೇಳಿದೆ. "ಬಹಳ ಚೆನ್ನಾಗಿ ಹೇಳ್ದೆ" ಅಂತ ನನ್ನ ತಲೆ ಸವರಿ, ಕಾಫಿ ತರಿಸಿದರು. ಅವರ ಮುಖದಲ್ಲಿದ್ದ ಆ ಸಮಾಧಾನ ನೋಡಿ ಅಲ್ಲ ಅನ್ನುವುದಕ್ಕೆ ನಾಲಿಗೆ ಬರಲಿಲ್ಲ. ಕಾಫಿ ಕುಡಿದು ಬಂದೆ.

ನಾನಂತೂ ಅವರಿಗೆ ಇನ್ನೂ ಹೇಳಿಲ್ಲ.